ಜನರೆದುರು ಹುಟ್ಟಿದ ರೆಕಾರ್ಡುಗಳು



ಈ ಪ್ರದರ್ಶನದಲ್ಲಿ ಮೇಜುಗಳ ಮೇಲೆ ಜೋಡಿಸಿಟ್ಟಿರುವ ಎಲ್‌ಪಿಗಳೆಲ್ಲ ಒಂದೇ ಜಾತಿಯವು. ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು, ಮತ್ತೆ ಮತ್ತೆ ನುಡಿಸಿ, ಚೆನ್ನಾಗಿ ಬಂದದ್ದನ್ನು ಆರಿಸಿಕೊಂಡವಲ್ಲ. ಜನರ ಎದುರು ನಿಂತು ನುಡಿಸಿದ ರಾಕ್ ಸಂಗೀತ. ಹೆಚ್ಚಿನವು 1960ರ ದಶಕದ ಕೊನೆಯಿಂದ 1970ರ ದಶಕದ ಕೊನೆಯವರೆಗಿನವು. ಕೇಳುವವರು ಎದುರಿಗಿದ್ದರೆ ಮಾತ್ರ ಹುಟ್ಟುವ ಸಂಗೀತವೊಂದಿದೆ ಎಂದು ನಂಬುವವನು ನಾನು. ಆ ಸಂಗೀತವನ್ನು ಹನ್ನೆರಡು ಇಂಚಿನ ಪ್ಲೇಟಿನ ಗೀರುಗಳಿಗೆ ಇಳಿಸಿದವರ ಬಗ್ಗೆ ನಾಲ್ಕು ಮಾತು ಹೇಳುವ ಅವಕಾಶ ಕೊಟ್ಟಿದ್ದೀರಿ, ಅದಕ್ಕೆ ಋಣಿ.

ಬಾಗಿಲ ಹತ್ತಿರದ ಮೊದಲ ಮೇಜಿನ ಮೇಲೆ ಮಾಸಲು ಕಂದು ಬಣ್ಣದ ಒಂದು ಕವರಿದೆ. ಚಿತ್ರವಿಲ್ಲ, ಅಲಂಕಾರವಿಲ್ಲ, ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ ಹೆಸರು ಮಾತ್ರ. ಅದು ದಿ ಹೂ ತಂಡದ ‘ಲೈವ್ ಅಟ್ ಲೀಡ್ಸ್’. ಆ ದಿನಗಳಲ್ಲಿ ಕದ್ದು ಮುದ್ರಿಸಿ ಮಾರುತ್ತಿದ್ದ ರೆಕಾರ್ಡುಗಳ ವೇಷವನ್ನೇ ತೊಟ್ಟು ಬಂದ ಅಧಿಕೃತ ರೆಕಾರ್ಡು. ಅದಕ್ಕೂ ಮುಂಚೆ ತಂಡ ಅಮೆರಿಕ ಸುತ್ತಿ ಬಂದಿತ್ತು, ರಾತ್ರಿ ರಾತ್ರಿಯ ಟೇಪುಗಳು ರಾಶಿ ಬಿದ್ದಿದ್ದವು. ಅಷ್ಟನ್ನೂ ಕೂತು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅವನ್ನು ಸುಟ್ಟುಹಾಕಿಸಿದೆ ಎಂದು ತಂಡದ ಗಿಟಾರಿಗ ಪೀಟ್ ಟೌನ್‌ಶೆಂಡ್ ಹೇಳಿಕೊಂಡಿದ್ದಾರೆ. ಆಮೇಲೆ 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಊಟ ಮಾಡುವ ಹಾಲ್‌ನಲ್ಲೇ ಕಛೇರಿ ಇಟ್ಟುಕೊಂಡರು. ಮರುದಿನ ಹಲ್ ಎಂಬ ಊರಿನಲ್ಲೂ ನುಡಿಸಿದರು, ಆದರೆ ಅಲ್ಲಿ ಮೊದಲ ಕೆಲವು ಹಾಡುಗಳಿಗೆ ಬೇಸ್ ಗಿಟಾರ್ ಟೇಪಿಗೇ ಏರಿರಲಿಲ್ಲ. ಹಾಗಾಗಿ ಲೀಡ್ಸ್ ಉಳಿಯಿತು.

ಅಂದು ರಾತ್ರಿ ನುಡಿಸಿದ ಅಷ್ಟೊಂದು ಹಾಡುಗಳಲ್ಲಿ ಎಲ್‌ಪಿಗೆ ಸಿಕ್ಕಿದ್ದು ಆರೇ ಆರು. ‘ಮೈ ಜನರೇಷನ್’ ಒಂದೇ ಹೆಚ್ಚುಕಡಿಮೆ ಕಾಲು ಗಂಟೆ ನುಂಗಿಬಿಟ್ಟಿತು. ಟೇಪಿನಲ್ಲಿ ಅಲ್ಲಲ್ಲಿ ಚಟಪಟ ಸದ್ದು ಇತ್ತು. ಅದನ್ನು ಅಳಿಸದೆ, ಈ ಸದ್ದು ಇರಲಿ, ಸರಿಪಡಿಸಬೇಡಿ ಎಂಬ ಅರ್ಥದ ಸೂಚನೆಯನ್ನು ಲೇಬಲ್ಲಿನ ಮೇಲೆ ಕೈಬರಹದಲ್ಲೇ ಅಚ್ಚು ಹಾಕಿಸಿದರು. ಮುಂದೆ ಸಿಡಿ ಬಂದಾಗ ಹಾಡುಗಳು ಹೆಚ್ಚಾದವು, ಚಟಪಟವನ್ನು ತೊಳೆದು ತೆಗೆದರು. ನನಗೆ ಮಾತ್ರ ಆರು ಹಾಡಿನ ಆ ಹಳೆಯ ಎಲ್‌ಪಿಯೇ ಪೂರ್ಣವಾದದ್ದು. ಏನನ್ನು ಬಿಡಬೇಕು ಎಂದು ತಿಳಿದವರು ಅದನ್ನು ಮಾಡಿದ್ದಾರೆ. ಕವರಿನ ಒಳಗೆ ತಂಡದ ಹಳೆಯ ಕಾಗದಪತ್ರಗಳ ನಕಲುಗಳಿವೆ, ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸಲು ಮಾಡಿಕೊಂಡ ಒಪ್ಪಂದವೂ ಸೇರಿ. ದಯವಿಟ್ಟು ತೆಗೆದು ಓದಿ, ಆದರೆ ಮಡಿಕೆ ನಿಧಾನವಾಗಿ ಬಿಚ್ಚಿ.

ಗೀರಿನ ವಿಷಯಕ್ಕೆ ಬರುತ್ತೇನೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯ ಒಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಹಿತವಾಗಿ ಹಿಡಿಸುತ್ತದೆ. ಅದಕ್ಕಿಂತ ತುಂಬಿದರೆ ಗೀರುಗಳು ಒತ್ತೊತ್ತಾಗಿ, ಸದ್ದು ತಗ್ಗಿಸಬೇಕಾಗುತ್ತದೆ, ಕೆಳಸ್ವರಗಳು ಸೊರಗುತ್ತವೆ. ಇನ್ನೊಂದು ತೊಡಕೂ ಇದೆ. ಮುಳ್ಳು ಅಂಚಿನಲ್ಲಿದ್ದಾಗ ಒಂದು ಸುತ್ತಿನಲ್ಲಿ ಎಷ್ಟು ಉದ್ದದ ಗೀರು ಅದರಡಿ ಹಾದುಹೋಗುತ್ತದೋ, ಲೇಬಲ್ಲಿನ ಹತ್ತಿರ ಬಂದಾಗ ಅದರ ಅರ್ಧವೂ ಹಾಯುವುದಿಲ್ಲ. ಅಂದರೆ ಮಗ್ಗುಲಿನ ಕೊನೆಯಲ್ಲಿ ಸೂಕ್ಷ್ಮ ಸ್ವರಗಳನ್ನು ಬರೆಯಲು ಜಾಗವೇ ಕಡಿಮೆ. ಕಛೇರಿ ಕಾವೇರುವುದೋ ಕೊನೆಯಲ್ಲೇ! ಪ್ಲೇಟು ಎಲ್ಲಿ ದುರ್ಬಲವೋ ಅಲ್ಲೇ ಸಂಗೀತ ಉಕ್ಕುತ್ತದೆ. ಗೀರು ಕೊರೆಯುವ ಕಟಿಂಗ್ ಯಂತ್ರದ ಮುಂದೆ ಕೂತಿದ್ದವರ ಹೆಸರನ್ನು ಯಾರೂ ಕೂಗಿ ಕರೆಯುವುದಿಲ್ಲ. ಇವತ್ತು ಅವರನ್ನು ನೆನೆಯಬೇಕು ಅನ್ನಿಸಿತು.

ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ ‘ಅಟ್ ಫಿಲ್ಮೋರ್ ಈಸ್ಟ್’ ಕೇಳಿದರೆ ಪ್ಲೇಟಿನ ಈ ಇಕ್ಕಟ್ಟು ಅರ್ಥವಾಗುತ್ತದೆ. ನ್ಯೂಯಾರ್ಕಿನ ಆ ರಂಗಮಂದಿರದಲ್ಲಿ 1971ರ ಮಾರ್ಚ್ ತಿಂಗಳಲ್ಲಿ, ಟಾಮ್ ಡೌಡ್ ಅವರ ಉಸ್ತುವಾರಿಯಲ್ಲಿ ಧ್ವನಿಮುದ್ರಣವಾಯಿತು. ಎರಡು ಪ್ಲೇಟು, ನಾಲ್ಕು ಮಗ್ಗುಲು, ಏಳೇ ಹಾಡು. ನಾಲ್ಕನೆಯ ಮಗ್ಗುಲಿನಲ್ಲಿರುವುದು ‘ವಿಪ್ಪಿಂಗ್ ಪೋಸ್ಟ್’ ಒಂದೇ. ಸ್ಟುಡಿಯೋದಲ್ಲಿ ಐದು ನಿಮಿಷದ ಆ ಹಾಡು ಇಲ್ಲಿ ಇಪ್ಪತ್ತಮೂರು ನಿಮಿಷ ಬೆಳೆದಿದೆ. ಬೆರಿ ಓಕ್ಲಿಯ ಬೇಸ್ ಗಿಟಾರ್ ಹನ್ನೊಂದು ಎಣಿಕೆಯಲ್ಲಿ ಶುರುವಾಗುತ್ತದೆ. ಮೂರು, ಮೂರು, ಮೂರು, ಎರಡು. ತೊಡೆಯ ಮೇಲೆ ತಾಳ ಹಾಕಿ ಕಛೇರಿ ಕೇಳಿ ಬೆಳೆದ ನಮ್ಮವರಿಗೆ ಇದು ಪರಕೀಯವಾಗಿ ಕೇಳುವುದೇ ಇಲ್ಲ. ಆಮೇಲಿನದು ಪೂರಾ ಮನೋಧರ್ಮ. ಇಬ್ಬರು ಡ್ರಮ್ಮರ್‌ಗಳು, ಇಬ್ಬರು ಗಿಟಾರಿಗರು. ಎಲ್ಲರೂ ಒಮ್ಮೆಲೇ ದನಿ ತಗ್ಗಿಸಿ, ಮುಂದೇನು ಎಂದು ಒಬ್ಬರನ್ನೊಬ್ಬರು ಕಾಯುವ ಘಳಿಗೆಗಳಿವೆ. ಡುವೇನ್ ಆಲ್‌ಮನ್ ಔಷಧಿಯ ಖಾಲಿ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುತ್ತಿದ್ದವರು. ಮೊದಲ ಮಗ್ಗುಲಿನಲ್ಲಿ ಆ ನಾದ ಕೇಳಿ.

‘ವಿಪ್ಪಿಂಗ್ ಪೋಸ್ಟ್’ ಮುಗಿಯುತ್ತಿದ್ದಂತೆ ತಂಡ ನಿಲ್ಲಿಸದೆ ಮುಂದಿನದಕ್ಕೆ ಕೈ ಹಾಕುತ್ತದೆ. ಆದರೆ ಪ್ಲೇಟಿನಲ್ಲಿ ಜಾಗ ಮುಗಿದಿದೆ, ಸದ್ದು ಕರಗಿಹೋಗುತ್ತದೆ. ಅಲ್ಲಿ ಶುರುವಾದದ್ದು ‘ಮೌಂಟನ್ ಜಾಮ್’. ಅದು ಕೇಳುಗರಿಗೆ ದಕ್ಕಿದ್ದು 1972ರ ‘ಈಟ್ ಎ ಪೀಚ್’ ಆಲ್ಬಮ್ಮಿನಲ್ಲಿ, ಮೂವತ್ತಮೂರು ನಿಮಿಷ, ಎರಡು ಮಗ್ಗುಲಿಗೆ ಹಂಚಿ. ಅಷ್ಟರಲ್ಲಿ ಡುವೇನ್ ಇರಲಿಲ್ಲ. 1971ರ ಅಕ್ಟೋಬರ್ 29ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಫಿಲ್ಮೋರ್ ಈಸ್ಟ್ ಆ ವರ್ಷದ ಜೂನ್ ತಿಂಗಳಲ್ಲೇ ಬಾಗಿಲು ಮುಚ್ಚಿತ್ತು. ಆ ತಂಡ, ಆ ಜಾಗ ಎರಡೂ ಒಟ್ಟಿಗೆ ಇದ್ದದ್ದಕ್ಕೆ ಈ ನಾಲ್ಕು ಮಗ್ಗುಲು ಸಾಕ್ಷಿ.

ನಮ್ಮ ದೇಶದ ವಾದ್ಯಗಳೂ ಈ ಮೇಜುಗಳ ಮೇಲಿವೆ. ‘ದಿ ಕನ್ಸರ್ಟ್ ಫಾರ್ ಬಾಂಗ್ಲಾದೇಶ್’, ಪೆಟ್ಟಿಗೆಯಲ್ಲಿಟ್ಟ ಮೂರು ಪ್ಲೇಟು. ನಿರಾಶ್ರಿತರ ಸಂಕಟ ನೋಡಲಾರದೆ ಪಂಡಿತ ರವಿಶಂಕರ್ ಅವರು ಗೆಳೆಯ ಜಾರ್ಜ್ ಹ್ಯಾರಿಸನ್ ಅವರನ್ನು ಕೇಳಿಕೊಂಡದ್ದರಿಂದ ನಡೆದ ಕಛೇರಿ. 1971ರ ಆಗಸ್ಟ್ 1, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಒಂದೇ ದಿನ ಎರಡು ಪ್ರದರ್ಶನ. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೊ ಸ್ಟಾರ್ ಎಲ್ಲರೂ ಬಂದರು. ಆದರೆ ಮೊದಲ ಮಗ್ಗುಲು ಸಿತಾರಿನದು, ಅಲಿ ಅಕ್ಬರ್ ಖಾನರ ಸರೋದಿನದು, ಅಲ್ಲಾ ರಖಾ ಅವರ ತಬಲಾದ್ದು. ಶ್ರುತಿ ಮಾಡಿಕೊಳ್ಳುವುದು ಮುಗಿದಾಗಲೇ ಜನ ಭರ್ಜರಿ ಚಪ್ಪಾಳೆ ತಟ್ಟಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ಮೆಲ್ಲಗೆ ಹೇಳುತ್ತಾರೆ. ಜನ ನಗುತ್ತಾರೆ. ಅದರಲ್ಲಿ ಗೇಲಿಯಿಲ್ಲ. ಗೊತ್ತಿಲ್ಲದ ಸಂಗೀತದ ಮುಂದೆ ಆ ಜನ ಗೌರವದಿಂದ ಕೂತಿದ್ದರು, ಅದು ಸದ್ದಿನಲ್ಲೇ ತಿಳಿಯುತ್ತದೆ.

ಕಡೆಯ ಸಾಲಿನಲ್ಲಿ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಇದೆ. 1972ರ ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಎರಡು ದಿನ, ಟೋಕಿಯೊದಲ್ಲಿ ಒಂದು ದಿನ. ಮೊದಲು ಜಪಾನಿನಲ್ಲಿ ಮಾತ್ರ ಬಿಡುಗಡೆ ಮಾಡುವ ಲೆಕ್ಕವಿತ್ತು. ಮೈಕುಗಳನ್ನು ಸಜ್ಜುಗೊಳಿಸಿದವರು ಮಾರ್ಟಿನ್ ಬರ್ಚ್. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನ ನಡುವೆ ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಕೇಳಿದ್ದಕ್ಕೆ ಇಯಾನ್ ಗಿಲನ್ ಕಂಠದಲ್ಲಿ ಉತ್ತರ ಕೊಡುತ್ತಾ ಮೇಲೇರುವುದನ್ನು ಕೇಳಿದರೆ ಬರ್ಚ್ ಅವರ ಕೈಚಳಕ ತಿಳಿಯುತ್ತದೆ. ಎರಡು ದನಿಯೂ ಬೇರೆಬೇರೆಯಾಗಿ, ಆದರೆ ಒಂದೇ ಹಾಲ್‌ನ ಗಾಳಿಯಲ್ಲಿ. ಇದೇ ಬರ್ಚ್ ಮುಂದೆ ಐರನ್ ಮೇಡನ್ ತಂಡದ ‘ಲೈವ್ ಆಫ್ಟರ್ ಡೆತ್’ ರೂಪಿಸಿದರು. ಆ ಮೇಡನ್ ಅನ್ನು 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಎದುರಿಗೆ ನಿಂತು ಕೇಳಿದವರು ಈ ಸಭೆಯಲ್ಲೂ ಇದ್ದೀರಿ ಎಂದು ನಿಮ್ಮ ಟೀ ಶರ್ಟುಗಳೇ ಹೇಳುತ್ತಿವೆ.

ತಕರಾರಿನ ರೆಕಾರ್ಡೂ ಒಂದಿದೆ. ಥಿನ್ ಲಿಜ್ಜಿಯ ‘ಲೈವ್ ಅಂಡ್ ಡೇಂಜರಸ್’, 1978. ಅದರ ಬಹುಪಾಲನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಸೇರಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರು, ತಂಡದ ಕಡೆಯವರು ಒಪ್ಪಲಿಲ್ಲ. ಸೊಗಸಾದ ಆಲ್ಬಮ್ ಅದು, ನಾನೂ ಪ್ರೀತಿಯಿಂದ ಕೇಳುತ್ತೇನೆ. ಆದರೂ ತಪ್ಪಿದ ಸ್ವರವನ್ನು ತಪ್ಪಿದ ಹಾಗೇ ಬಿಡುವ ಧೈರ್ಯಕ್ಕೆ ನನ್ನ ಮತ. ಆ ರಾತ್ರಿ ಅಲ್ಲಿದ್ದವರಿಗೆ ಕೇಳಿಸಿದ್ದೇ ನಮಗೂ ಕೇಳಿಸಲಿ.

ಸಂಘಟಕರು ದೀಪದ ಬದಲು ಮುಳ್ಳು ಇಳಿಸಿ ಉದ್ಘಾಟನೆ ಮಾಡಿ ಎಂದಿದ್ದಾರೆ. ಫಿಲ್ಮೋರ್ ಈಸ್ಟ್‌ನ ನಾಲ್ಕನೆಯ ಮಗ್ಗುಲನ್ನು ಆರಿಸಿಕೊಂಡಿದ್ದೇನೆ. ಇಪ್ಪತ್ತಮೂರು ನಿಮಿಷ, ಆದ್ದರಿಂದ ನಿಂತವರು ಮುಂದಿನ ಕುರ್ಚಿಗಳಿಗೆ ಬನ್ನಿ, ಫೋನುಗಳನ್ನು ಜೇಬಿನಲ್ಲಿಡಿ. ಪ್ರದರ್ಶನ ಆರಂಭವಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.