ಚರ್ಚಿನ ಮದುವೆ, ಕಚೇರಿಯ ಮದುವೆ

ಮದುವೆಗೆ ಸಾಕ್ಷಿ ಯಾರು, ದೇವರೋ ಸರ್ಕಾರವೋ? ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಇದು ಬರೀ ಹರಟೆಯ ಪ್ರಶ್ನೆಯಾಗಿರಲಿಲ್ಲ.

ಅಲ್ಲಿ ಸರ್ಕಾರಿ ನೋಂದಣಿ ಅಧಿಕಾರಿಯ ಮುಂದೆ, ಸಾಕ್ಷಿಗಳ ಎದುರು ರುಜು ಹಾಕಿದರೆ ಮದುವೆ ಮುಗಿಯಿತು. ಚರ್ಚಿನಲ್ಲಾದರೆ ಸಂಭ್ರಮವೇ ಬೇರೆ: ಪಾದ್ರಿಯ ಆಶೀರ್ವಾದ, ಜೋಡಿಯ ಪಕ್ಕದಲ್ಲಿ ನಿಲ್ಲುವ ಹಿರಿಯರು, ವರನು ವಧುವಿನ ಬೊಗಸೆಗೆ ಹಾಕುವ 13 ನಾಣ್ಯಗಳು. ನಾಣ್ಯದ ಪದ್ಧತಿ ಸ್ಪೇನಿನಿಂದ ಬಂದದ್ದು; ನನ್ನದೆಲ್ಲ ಇನ್ನು ನಿನ್ನದೂ ಹೌದು ಎಂಬ ಭಾವ.

1954ರಲ್ಲಿ ಸರ್ವಾಧಿಕಾರಿ ರಫಾಯೆಲ್ ಟ್ರುಹಿಯೊ ವ್ಯಾಟಿಕನ್ ಜೊತೆ ಒಪ್ಪಂದ ಮಾಡಿಕೊಂಡ. ಚರ್ಚಿನ ಮದುವೆಗೆ ನೇರವಾಗಿ ಕಾನೂನಿನ ಮಾನ್ಯತೆ ಸಿಕ್ಕಿತು. ಜೊತೆಗೊಂದು ಕರಾರು: ಹಾಗೆ ಮದುವೆಯಾದವರು ವಿಚ್ಛೇದನದ ಹಕ್ಕನ್ನು ಬಿಟ್ಟುಕೊಟ್ಟಂತೆ. ಆತ ಸ್ವತಃ ಎರಡು ಬಾರಿ ವಿಚ್ಛೇದನ ಪಡೆದವನು! ಊರಿಗೆಲ್ಲ ಉಪದೇಶ ಹೇಳುವವರು ಎಲ್ಲ ಕಡೆಯೂ ಇರುತ್ತಾರೆ ಬಿಡಿ.

ಈ ನಡುವೆ ಎಷ್ಟೋ ಜೋಡಿಗಳು, ಅದರಲ್ಲೂ ಬಡವರು, ಚರ್ಚು ಕಚೇರಿ ಎರಡರ ಬಾಗಿಲೂ ತಟ್ಟದೆ ಸಂಸಾರ ಹೂಡಿದರು, ಮಕ್ಕಳನ್ನು ಬೆಳೆಸಿದರು. ಅಂಥವರನ್ನು ನೀತಿಗೆಟ್ಟವರೆಂದು ಜರೆಯುವುದು ಅನ್ಯಾಯವೆಂದೇ ನನ್ನ ಎಣಿಕೆ. ತೊಂದರೆಯಿದ್ದದ್ದು ನೀತಿಯಲ್ಲಲ್ಲ, ಕಾಗದದಲ್ಲಿ. ಗಂಡ ತೀರಿಕೊಂಡರೆ ಮನೆಯ ಮೇಲೆ ತನ್ನ ಹಕ್ಕೇನೆಂದು ಹೆಂಡತಿ ತೋರಿಸುವುದು ಹೇಗೆ? 2010ರ ಸಂವಿಧಾನದ 55ನೇ ವಿಧಿ, ಮದುವೆಗೆ ಅಡ್ಡಿಯಿಲ್ಲದ ಗಂಡು ಹೆಣ್ಣಿನ ಸ್ಥಿರವಾದ ಸಹಬಾಳ್ವೆಯಿಂದಲೂ ಹಕ್ಕು, ಹೊಣೆಗಳು ಹುಟ್ಟುತ್ತವೆ ಎಂದು ಒಪ್ಪಿಕೊಂಡಿದೆ.