ಕಲ್ಲಿನಲ್ಲಿ ಉಳಿದ ಪದಗಳು

ಹಳೆಯ ಪದಗಳೆಂದರೆ ಪಂಡಿತರ ಸೊತ್ತು ಎಂದು ಬದಿಗಿಡುತ್ತೇವೆ. ಆದರೆ ಅವು ಊರಿನ ಬದುಕಿನ ಕಥೆಯನ್ನೂ ಹೇಳುತ್ತವೆ. ನಮ್ಮ ಹಾಸನ ಜಿಲ್ಲೆಯದೇ ಆದ ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು; 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಅದರಲ್ಲಿ ‘ಬಾಳ್ಗಳ್ಚು’ ಎಂಬ ಪದವಿದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಹೋರಾಡಿದ ವೀರನ ಕತ್ತಿ ತೊಳೆದು ಕೊಡುವ ದತ್ತಿಯದು. ಬೇರೆ ಶಾಸನಗಳಲ್ಲಿ ಇಂಥ ಇನ್ನೂ ಪದಗಳಿವೆ: ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಡುವ ಭೂಮಿ ‘ನೆತ್ತರುಗೊಡಗೆ’, ಕೆರೆ ಕಟ್ಟಿ ಕಾಯ್ದವನಿಗೆ ಕೊಡುವ ಭೂಮಿ ‘ಕಟ್ಟುಕೊಡಗೆ’. ಪಡೆದ ಉಪಕಾರಕ್ಕೆ ಊರು ಮಣ್ಣಿನಲ್ಲೇ ಲೆಕ್ಕ ತೀರಿಸುತ್ತಿತ್ತು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಕೆರೆ ಏರಿಯ ಮೇಲೆ ಇಂಥ ಅಕ್ಷರದ ಕಲ್ಲು ಕಂಡರೆ ಅದನ್ನು ಬಟ್ಟೆ ಒಗೆಯಲು ಬಳಸಬೇಡಿ. ಬಲ್ಲವರನ್ನು ಕರೆತಂದು ಓದಿಸಿ. ಇಂದು ಊರಿಗಾಗಿ ದುಡಿದವರಿಗೆ ನಾವೇನು ಕೊಡುತ್ತಿದ್ದೇವೆ ಎಂದೂ ಕೇಳಿಕೊಳ್ಳೋಣ.