ಸೋಲಾರ್ ಬ್ಯಾಟರಿಗೆ ನಾವೇ ಇಟ್ಟ ಕಾವಲು
(ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಬಹಳ ಮನೆಗಳ ಕರೆಂಟ್ ಬಿಲ್ಲು ಸೊನ್ನೆ ಆಯಿತು. ಇನ್ನ ಸೋಲಾರ್ ಯಾಕ್ರಿ ಅಂತ ಕೇಳುವವರಿದ್ದಾರೆ. ಬಿಲ್ಲು ಸೊನ್ನೆ ಆದರೂ ಮಳೆಗಾಲದ ಸಂಜೆ ಕರೆಂಟ್ ಹೋದರೆ ಕತ್ತಲೆ ಕತ್ತಲೆಯೇ. ಹಾನಗಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತು ಎತ್ತಲಿಕ್ಕೆ ಕಾರಣವಿದೆ. ನಮ್ಮ ಸಂಘದ ಒಬ್ಬರ ಮನೆಯಲ್ಲಿ ಸಾಲ ಮಾಡಿ ತಂದ ಬ್ಯಾಟರಿ ಹದಿನಾಲ್ಕೇ ತಿಂಗಳಿಗೆ ಸತ್ತುಹೋಯಿತು. ಕಂತು ಇನ್ನೂ ಹತ್ತು ಬಾಕಿ. ಹೋಗಿ ನೋಡಿದರೆ ಗೋಡೆಯ ಮೇಲಿನ ಕಂಟ್ರೋಲರ್ ಡಬ್ಬಿ ಕೆಟ್ಟಿತ್ತು. ರಿಪೇರಿಗೆ ಬಂದವನು ಅದನ್ನು ಬಿಚ್ಚಿ, ಪ್ಯಾನಲ್ಲಿನ ವೈರು ನೇರ ಬ್ಯಾಟರಿಗೇ ಕಟ್ಟಿ, "ಈಗ ಭಾಳ ಚಲೋ ಚಾರ್ಜ್ ಆಗ್ತದ್ರಿ ಅಕ್ಕಾರ" ಅಂದು ಹೋಗಿದ್ದ. ಚಾರ್ಜ್ ಆಗಿದ್ದೇನೋ ಖರೆ. ಅತಿಯಾಗಿತ್ತು!

ನೋಡ್ರಿ, 12 ವೋಲ್ಟಿನ ಬ್ಯಾಟರಿಗೆ ಹೊಂದುವ ಪ್ಯಾನಲ್ ಬಿಸಿಲಿಗೆ 17–18 ವೋಲ್ಟ್ ಕೊಡುತ್ತದೆ. ನೀರು ಹಾಕುವ ಬ್ಯಾಟರಿ ಸುಮಾರು 14.4 ದಾಟಿ ಏರುತ್ತಲೇ ಇದ್ದರೆ ಒಳಗಿನ ನೀರು ಒಡೆದು ಗಾಳಿಯಾಗಿ ಹೋಗುತ್ತದೆ, ಪ್ಲೇಟು ಒಣಗುತ್ತವೆ. ಆ ಗಾಳಿಯಲ್ಲಿ ಹೈಡ್ರೋಜನ್ ಇರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಒಲೆಯ ಹತ್ತಿರ, ಮುಚ್ಚಿದ ಕೋಣೆಯಲ್ಲಿ ಬ್ಯಾಟರಿ ಇಡಬ್ಯಾಡ್ರಿ ಅನ್ನೋದು ಅದಕ್ಕೇ. ಹಾಲು ಉಕ್ಕುವ ಮೊದಲು ನಾವು ಉರಿ ಸಣ್ಣ ಮಾಡುತ್ತೇವಲ್ಲ, ಕಂಟ್ರೋಲರ್ ಮಾಡುವುದೂ ಅದನ್ನೇ: 14.4ರ ತನಕ ಬಿಟ್ಟು, ತುಂಬಿದ ಮೇಲೆ 13.6ರ ಸುತ್ತ ಹಿಡಿದಿಡುತ್ತದೆ. ರಾತ್ರಿ ಬ್ಯಾಟರಿಯ ಕರೆಂಟ್ ಪ್ಯಾನಲ್ಲಿಗೆ ವಾಪಸು ಸೋರದಂತೆಯೂ ತಡೆಯುತ್ತದೆ.

ಖಾಲಿ ಮಾಡುವುದೂ ಅಷ್ಟೇ ಕೆಡಕು. ಸುಮ್ಮನಿರುವ ಬ್ಯಾಟರಿ ತುಂಬಿದ್ದರೆ ಮೀಟರಿನಲ್ಲಿ 12.7ರ ಹತ್ತಿರ ತೋರಿಸುತ್ತದೆ, ಅರ್ಧ ಆದಾಗ ಸುಮಾರು 12.2. ದಿನಾ ಅದಕ್ಕಿಂತ ಕೆಳಗೆ ಇಳಿಸಿದರೆ ಆಯುಷ್ಯ ಕಮ್ಮಿ. ಆದರೆ ಮನೆಯಲ್ಲಿ ಟಿವಿ ಯಾರು ಬಂದ್ ಮಾಡುತ್ತಾರೆ? ಧಾರಾವಾಹಿ ಮುಗಿಯುವ ಹೊತ್ತಿಗೆ ಮಗಳ ಓದಿಗೆ ದೀಪ ಇಲ್ಲ.

ಅದಕ್ಕೇ ನಾವು ಹೊಸ ಕಂಟ್ರೋಲರ್ ಹಾಕಿದ್ದಲ್ಲದೆ ಲೈನು ಎರಡು ಮಾಡಿದೆವು. ಟಿವಿ, ಫ್ಯಾನು ಒಂದರಲ್ಲಿ. ಅಡಿಗೆಮನೆ, ಓದು, ಹೊಲಿಗೆಯ ದೀಪ ಇನ್ನೊಂದರಲ್ಲಿ. ಟಿವಿ ಲೈನಿಗೆ ವೋಲ್ಟ್ ನೋಡಿ ಕಡಿಯುವ ರಿಲೇ ಕೂಡಿಸಿ 12.0ಕ್ಕೆ ಕಡಿಯುವಂತೆ ಇಟ್ಟೆವು. ದೀಪದ ಲೈನು 11.5ರ ತನಕ ನಡೆಯುತ್ತದೆ. ಮೊದಲು ನಾವೂ ತಪ್ಪಿದೆವು. ವಾಪಸು ಹತ್ತುವ ಅಂಕಿ 12.2 ಇಟ್ಟಿದ್ದೆವು. ಟಿವಿ ಆರಿದ ಕೂಡಲೇ ಭಾರ ಇಳಿದು ವೋಲ್ಟ್ ಏರುತ್ತದೆ, ರಿಲೇ ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ರಾತ್ರಿಯೆಲ್ಲ ಟಕ್ ಟಕ್! 13.0ಕ್ಕೆ ಏರಿಸಿದ ಮೇಲೆ ನಿಂತಿತು. ಈಗ ಟಿವಿ ಮರುದಿನದ ಬಿಸಿಲಿಗೇ ಹತ್ತೋದು. ಮನೆಯ ಗಂಡಸರು ಎರಡು ದಿನ ಗೊಣಗಿದರು, ಇರಲಿ.

ಇದೆಲ್ಲ ಓದಿದವರ ಕೆಲಸ ಅನ್ನಬ್ಯಾಡ್ರಿ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಶುರುವಾದ ಬೇರ್‌ಫುಟ್ ಕಾಲೇಜಿನಲ್ಲಿ ಅಕ್ಷರ ಬಾರದ ಅಜ್ಜಿಯರು, ಆಫ್ರಿಕಾದಿಂದ ಬಂದವರು ಸಹ, ಬಣ್ಣ ನೋಡಿ ವೈರು ಗುರುತಿಸಿ ಇಂಥ ಚಾರ್ಜ್ ಕಂಟ್ರೋಲರ್ ಜೋಡಿಸುವುದನ್ನು ಕಲಿತಿದ್ದಾರೆ. ನಮ್ಮ ಕರ್ನಾಟಕದಲ್ಲೇ 1995ರಲ್ಲಿ ಹರೀಶ್ ಹಂದೆಯವರ ಸೆಲ್ಕೋ ಹಳ್ಳಿಮನೆಗಳಿಗೆ ಬ್ಯಾಂಕ್ ಸಾಲದ ಮೇಲೆ ಸೋಲಾರ್ ದೀಪ ಕೊಡಲು ಶುರುಮಾಡಿತು; ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕೂಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಕಡೆಗೆ ದೀಪದ ವೈರು. ಬಿಚ್ಚುವಾಗ ಇದರ ಉಲ್ಟಾ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಜ್ ಇರಲಿ. ಬೋರಿನ ನೀರು ಬೇಡ, ಡಿಸ್ಟಿಲ್ಡ್ ವಾಟರನ್ನೇ ಹಾಕಿರಿ. ಲಿಥಿಯಂ ಬ್ಯಾಟರಿ ತಂದವರು ಕಂಟ್ರೋಲರಿನ ಸೆಟ್ಟಿಂಗ್ ಬದಲಿಸದೆ ಜೋಡಿಸಬೇಡಿ. ಗೋವಿನಜೋಳದ ರಾಶಿ ಮಾಡಿದ ಮೇಲೆ ಪ್ಯಾನಲ್ ಒರೆಸಿರಿ. ತೆಂಗಿನ ಒಂದು ಗರಿಯ ನೆರಳು ಬಿದ್ದರೂ ಚಾರ್ಜ್ ಬಹಳ ಇಳಿಯುತ್ತದೆ.

ಮುಂದಿನ ಸಭೆಗೆ ನಾವು ಮೀಟರ್ ತರುತ್ತೇವೆ. ಅಲ್ಲಿತನಕ ಸೋಲಾರ್ ಇದ್ದವರು ನಿಮ್ಮ ಕಂಟ್ರೋಲರಿನಲ್ಲಿ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ತೋರಿಸುವ ಅಂಕಿಯನ್ನು ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಬರ್ರಿ. ಡಬ್ಬಿ ಬಿಚ್ಚಿ ನೇರ ವೈರು ಕಟ್ಟಿಸಿಕೊಂಡವರಿದ್ದರೆ ಸಭೆಗೆ ಕಾಯಬೇಡಿ, ಇವತ್ತೇ ಹೇಳಿರಿ.